ಹಿಂದಿನ ಸೀಟಿನ ಗೌಸ್ ಸಾಬರು

ಹಿರಿಯೂರಿನ ಹುಳಿಯಾರು ರಸ್ತೆಯಲ್ಲಿ ಮಹಮ್ಮದ್ ಗೌಸ್ ಮೂವತ್ತೆಂಟು ವರ್ಷದಿಂದ ಕಾರಿನ ಸೀಟು ಹೊಲಿಯುತ್ತಿದ್ದಾರೆ. ಅಷ್ಟೂ ವರ್ಷ ಕಾರು ಇಟ್ಟುಕೊಂಡವರನ್ನು ಕಂಡರೆ ಅವರಿಗೆ ತಾತ್ಸಾರ. ಅದಕ್ಕೆ ಕಾರಣವಿಲ್ಲದೆ ಇಲ್ಲ. ಗರಿಗರಿ ಇಸ್ತ್ರಿ ಅಂಗಿ ತೊಟ್ಟು ಇಳಿದವನ ಸೀಟು ಬಿಚ್ಚಿದರೆ ಅಡಿಯಲ್ಲಿ ಸಿಗುವುದು ಗುಟ್ಕಾ ಚೀಟಿ, ಶೇಂಗಾ ಸಿಪ್ಪೆ, ಯಾವ ಕಾಲಕ್ಕೋ ಮಗು ಕಕ್ಕಿದ ಹಾಲಿನ ನಾತ. ಮನುಷ್ಯನ ಯೋಗ್ಯತೆ ನೋಡಬೇಕಾದರೆ ಅವನ ಮುಖ ನೋಡಬಾರದು, ಸೀಟಿನ ಅಡಿ ನೋಡಬೇಕು ಎಂಬುದು ಸಾಬರ ಸಿದ್ಧಾಂತ.

ಕಂಟ್ರಾಕ್ಟರ್ ದುರುಗಣ್ಣ ಹೊಸ ಕಾರಿನ ಸೀಟಿಗಿದ್ದ ಪ್ಲಾಸ್ಟಿಕ್ ಕವರನ್ನು ಮೂರು ವರ್ಷ ತೆಗೆದಿರಲಿಲ್ಲ. ಬೇಸಿಗೆಯಲ್ಲಿ ಬೆನ್ನಿಗೆ ಅಂಟಿಕೊಂಡು ಬೊಕ್ಕೆ ಎದ್ದ ಮೇಲೆ ಅಂಗಡಿಗೆ ಬಂದ.

"ಹೊಸಾದು ಹೊಸಾದಾಗೇ ಇರ್ಲಿ ಅಂತ ಬಿಟ್ಟಿದ್ದೆ ಸಾಬ್ರೆ."

"ಬೆನ್ನು ಹಳೇದಾತಲ್ಲಪ್ಪ," ಎಂದರು ಸಾಬರು.

ದುರುಗಣ್ಣನಾದರೂ ವಾಸಿ. ಸಾಬರ ಪಾಲಿಗೆ ದಡ್ಡರ ದೊರೆ ಎಂದರೆ ಪಿಯು ಕಾಲೇಜಿನ ಲೆಕ್ಚರರ್ ಗುರುರಾಜ್. ಆ ಮನುಷ್ಯ ಕಾರು ಕೊಳ್ಳಲು ಆರು ತಿಂಗಳಿಂದ ತಿರುಗುತ್ತಿದ್ದ. ಹೋದಲ್ಲೆಲ್ಲ ಹೆಂಡತಿ, ಇಬ್ಬರು ಮಕ್ಕಳು, ಎಂಬತ್ತು ದಾಟಿದ ತಾಯಿ, ಎಲ್ಲರನ್ನೂ ಹೊರಡಿಸಿಕೊಂಡು ಹೋಗಿ, ಒಬ್ಬೊಬ್ಬರನ್ನೇ ಕೂರಿಸಿ, ಹೇಗನ್ನಿಸುತ್ತದೆ ಎಂದು ಕೇಳಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದ. "ಕಾರು ತಗಳಾಕೆ ಪಂಚಾಯ್ತಿ ಸೇರಿಸ್ಯಾನೆ," ಎಂದು ಸಾಬರು ಅಂಗಡಿಗೆ ಬಂದವರ ಮುಂದೆಲ್ಲ ಆಡಿಕೊಂಡು ನಗುತ್ತಿದ್ದರು.

ಇಂಥ ಸಾಬರ ಮನೆಗೇ ಕಾರು ಬರುವ ಕಾಲ ಬಂತು. ಮಗಳು ಸಿಮ್ರಾನ್‌ಗೆ ಚಿತ್ರದುರ್ಗದ ಬ್ಯಾಂಕಿನಲ್ಲಿ ಕೆಲಸ, ದಿನಕ್ಕೆ ನಲವತ್ತು ಕಿಲೋಮೀಟರ್ ಹೋಗಿ ನಲವತ್ತು ಬರಬೇಕು. ಆದರೆ ಕಾರಿನ ಮಾತು ಎದ್ದದ್ದು ಅವಳಿಂದಲ್ಲ, ಅವಳ ತಾಯಿ ಪ್ಯಾರಿ ಬೀಯ ಮಂಡಿಯಿಂದ. ಪ್ಯಾರಿ ಬೀಗೆ ಬಸ್ಸಿನ ಮೆಟ್ಟಿಲು ಹತ್ತಲಾಗದೆ ಎರಡು ವರ್ಷವಾಗಿತ್ತು. ಹೊಸದುರ್ಗದಲ್ಲಿ ಹಾಸಿಗೆ ಹಿಡಿದ ಅಕ್ಕನನ್ನು ನೋಡಿಯೂ ಎರಡು ವರ್ಷ. ಅಕ್ಕ ತಂಗಿ ಫೋನಿನಲ್ಲಿ ಮಾತು ಶುರುಮಾಡಿ ಅಳುವಿನಲ್ಲಿ ಮುಗಿಸುತ್ತಿದ್ದರು. ಕೇಳಲಾಗದೆ ಸಾಬರು ಎದ್ದು ಅಂಗಡಿಗೆ ಹೋಗಿಬಿಡುತ್ತಿದ್ದರು. ಪ್ಯಾರಿ ಬೀ ನೋವಿಲ್ಲದೆ ಹತ್ತಿ ಇಳಿಯುವಂಥ ಕಾರು ಬೇಕಿತ್ತು. ಅದೊಂದು ಆಗಿಬಿಟ್ಟರೆ ಸಾಕಿತ್ತು.

ದುರ್ಗದ ಹೈವೇ ಪಕ್ಕ ಹಳೇ ಕಾರು ಮಾರುವ ಮಂಜುನಾಥನ ಹತ್ತಿರ ಸಿಮ್ರಾನ್ ಎರಡು ಸೆಡಾನ್ ಗೊತ್ತು ಮಾಡಿದ್ದಳು. ಎರಡೂ ನಾಲ್ಕು ವರ್ಷ ಓಡಿದ್ದವು. ಬೂದು ಬಣ್ಣದ್ದು ಡೀಸೆಲ್, ಏಳು ಮುಕ್ಕಾಲು ಲಕ್ಷ. ಬಿಳಿಯದು ಪೆಟ್ರೋಲ್, ಏಳು.

"ಡೀಸೆಲ್ಲು ಇಪ್ಪತ್ತು ಕೊಡ್ತೈತೆ ಅಬ್ಬಾ, ಪೆಟ್ರೋಲು ಹದಿನೈದು ಕೊಟ್ರೆ ಹೆಚ್ಚು," ಎಂದಳು ಸಿಮ್ರಾನ್. "ನಾನು ಓಡಾಡೋದಕ್ಕೆ ತಿಂಗಳಿಗೆ ನಾಲ್ಕು ಸಾವಿರದ ಮ್ಯಾಲೆ ಉಳೀತೈತೆ. ಒಂದೂವರೆ ವರ್ಷದಾಗೆ ಹೆಚ್ಚಿಗೆ ಕೊಟ್ಟಿದ್ದು ವಾಪಸ್ ಬಂದಂಗೆ."

"ಮೈಲೇಜಿನ ಮ್ಯಾಲೆ ಕುಂತ್ಕಳ್ತಾರೇನು?" ಎಂದರು ಸಾಬರು.

ಮಂಜುನಾಥ ಬೂದು ಕಾರಿನ ಮೇಲ್ಛಾವಣಿ ತೆರೆದು ಸನ್‌ರೂಫ್ ತೋರಿಸಿದ. ಆಕಾಶ ನೋಡಲು ಏಳು ಮುಕ್ಕಾಲು ಲಕ್ಷ ಯಾಕೆ, ಅಂಗಳದಲ್ಲಿ ಮಂಚ ಹಾಕಿಕೊಂಡರಾಯಿತು ಎಂದು ಸಾಬರು ಅವನ ಬಾಯಿ ಮುಚ್ಚಿಸಿದರು. ಅವನು ಪಟ್ಟು ಬಿಡದೆ ಅದೇ ಕಾರಿನ ಮುಂದಿನ ಸೀಟಿನ ಪಕ್ಕದ ಹಿಡಿ ಎಳೆದ.

"ಇಲ್ಲಿ ನೋಡ್ರಿ, ಮುಂದಿನ ಎರಡೂ ಸೀಟು ಮ್ಯಾಲಕ್ಕೆ ಏರ್ತಾವೆ. ವಯಸ್ಸಾದೋರಿಗೆ ಭಾಳ ಅನುಕೂಲ."

"ಇದೇನು ಕಟಿಂಗ್ ಶಾಪಿನ ಕುರ್ಚಿಯೇನಪ್ಪ?"

ಮಾರುವವನ ಬಾಯಲ್ಲಿ ಬಂದ ಮಾತೆಲ್ಲ ಬುರುಡೆ ಎಂದು ಸಾಬರು ಎಂದೋ ತೀರ್ಮಾನಿಸಿದ್ದರು. ಚಪ್ಪಲಿ ಬಿಟ್ಟು ಎರಡೂ ಕಾರಿನ ಹಿಂದಿನ ಸೀಟಿನಲ್ಲಿ ಕೂತರು. ಹೆಬ್ಬೆರಳಿನಿಂದ ಫೋಮ್ ಅದುಮಿದರು. ನೆಲದಿಂದ ಸೀಟಿಗೆ ಎಷ್ಟು ಗೇಣು, ಬಾಗಿಲು ಎಷ್ಟು ಅಗಲ ತೆರೆಯುತ್ತದೆ, ಎಲ್ಲ ಅಳೆದರು. ಬಿಳಿಯದರ ಹಿಂದಿನ ಸೀಟು ಎರಡು ಬೆರಳು ಎತ್ತರ, ಬಾಗಿಲೂ ಧಾರಾಳ.

"ಬಿಳೇದು," ಎಂದರು.

"ಅಮ್ಮೀನ ಒಂದ್ಸಲ ಕರ್ಕೊಂಡು ಬಂದು ಕೂರಿಸಿ ನೋಡಾಣ ಅಬ್ಬಾ."

"ನಾನೇನು ಗುರುರಾಜನೇನೇ? ಕುಂತ್ಕಳ್ಳೋದು ಹೆಂಗೆ ಅಂತ ನನಗೆ ಹೇಳಿಕೊಡಬ್ಯಾಡ."

ಸಾಲ ಮಗಳದ್ದು, ಸಹಿ ಮಗಳದ್ದು, ಮಾತು ಮಾತ್ರ ಅಪ್ಪನದ್ದೇ ನಡೆಯಿತು. ಕಾರು ಮನೆಗೆ ಬರುವ ಮೊದಲು ಅಂಗಡಿಗೆ ಹೋಯಿತು. ನಾಲ್ಕು ದಿನ ಸಾಬರು ಬೇರೆ ಕೆಲಸ ಮುಟ್ಟಲಿಲ್ಲ. ಹಿಂದಿನ ಸೀಟು ಪೂರಾ ಕಿತ್ತು, ಇದ್ದುದರಲ್ಲಿ ಒಳ್ಳೆಯ ಫೋಮ್ ಹಾಕಿ, ಇನ್ನೆರಡು ಬೆರಳು ಎತ್ತರಿಸಿ, ಪ್ಯಾರಿ ಬೀಗೆ ಇಷ್ಟವಾದ ಕಡುಹಸಿರು ಬಟ್ಟೆ ಹೊದಿಸಿ ಹೊಲಿದರು. ಅಂಥ ಕೆಲಸ ಅವರು ಯಾವ ಗಿರಾಕಿಗೂ ಮಾಡಿರಲಿಲ್ಲ. ಯೋಗ್ಯತೆ ಇದ್ದ ಗಿರಾಕಿ ಸಿಕ್ಕಿರಲಿಲ್ಲ ಎಂದು ಅವರೇ ಹೇಳಿಕೊಂಡರು.

ಭಾನುವಾರ ಬೆಳಿಗ್ಗೆ ಹೊಸದುರ್ಗಕ್ಕೆ ಹೊರಟರು. ಪ್ಯಾರಿ ಬೀ ಕೋಲೂರಿಕೊಂಡು ಬಂದಳು. ಸಾಬರು ಹಿಂದಿನ ಬಾಗಿಲು ತೆಗೆದು ನಿಂತಿದ್ದರು. ಅವಳು ಅದನ್ನು ದಾಟಿ ಹೋಗಿ ಮುಂದಿನ ಬಾಗಿಲಿಗೆ ಕೈಹಾಕಿದಳು.

"ಅಲ್ಲಲ್ಲ, ಹಿಂದೆ ಕುಂತ್ಕೋ. ನಿನಗೇ ಅಂತ ಮಾಡೀನಿ."

"ಹಿಂದೆ ಕುಂತ್ರೆ ಮಂಡಿ ಮಡಚಬೇಕಲ್ರಿ. ಮುಂದಾದ್ರೆ ಕಾಲು ಚಾಚಬೌದು," ಎಂದಳು ಪ್ಯಾರಿ ಬೀ. "ಅಲ್ಲದೆ ಮದುವೆಯಾದಾಗಿಂದ ನಿಮ್ಮ ಮೊಪೆಡ್ಡಿನ ಹಿಂದೆ ಕುಂತು ನಿಮ್ಮ ಬೆನ್ನೇ ನೋಡೀನಿ. ಇವತ್ತು ರೋಡು ನೋಡ್ತೀನಿ."

ಬಿಳಿ ಕಾರಿನ ಮುಂದಿನ ಸೀಟು ತಗ್ಗು. ಅವಳು ಬಾಗಿಲು ಹಿಡಿದು ಒಂದು ಸಲ ಬಗ್ಗಿ ಎದ್ದಳು, ಎರಡು ಸಲ ಬಗ್ಗಿ ಎದ್ದಳು. ಮೂರನೆಯ ಸಲ "ಯಾ ಅಲ್ಲಾ" ಎಂದು ಧೊಪ್ಪನೆ ಕುಸಿದಳು. ನೋವಿಗೆ ಮುಖ ಹಿಂಡಿಕೊಂಡಿತು. ಸಿಮ್ರಾನ್ ತಾಯಿಯ ಕಾಲೆತ್ತಿ ಒಳಗಿಟ್ಟು, ಅಪ್ಪನ ಕಡೆ ನೋಡದೆ ಹೋಗಿ ಸ್ಟಿಯರಿಂಗ್ ಹಿಡಿದಳು. ಸಾಬರು ಹಿಂದೆ ಹೋಗಿ ಕೂತರು.

ಸೀಟು ನಿಜಕ್ಕೂ ಚೆನ್ನಾಗಿತ್ತು. ಚೆನ್ನಾಗಿದ್ದಷ್ಟೂ ಅವರಿಗೆ ಮೈಯುರಿಯಿತು. ಮಾರಿಕಣಿವೆ ಅಣೆಕಟ್ಟಿನ ಹತ್ತಿರ ಬರುವಾಗ ಪ್ಯಾರಿ ಬೀ ಮಂಡಿ ನೀವಿಕೊಳ್ಳುತ್ತಲೇ "ನೀರು ಎಷ್ಟು ನಿಂತೈತೆ ನೋಡ್ರಿ," ಎಂದಳು. ಸಾಬರಿಗೆ ಕಂಡದ್ದು ಅವಳ ತಲೆಯ ಹಿಂಭಾಗ ಮತ್ತು ಸೀಟಿನ ಬೆನ್ನು. ಜನ್ಮವಿಡೀ ಊರಿನವರ ದಡ್ಡತನ ಅಳೆದವರಿಗೆ ತಮ್ಮದನ್ನು ಅಳೆಯಲು ಗೇಣು ಸಾಲದಾಯಿತು.

ಸ್ವಲ್ಪ ದೂರ ಹೋದ ಮೇಲೆ ಮೆಲ್ಲಗೆ ಕೇಳಿದರು. "ಸಿಮ್ರಾನ್, ಆ ಬೂದು ಗಾಡಿ ಇನ್ನೂ ಐತೇನು?"

"ಹೋತು ಅಬ್ಬಾ. ಗುರುರಾಜ್ ಸರ್ ತಗೊಂಡ್ರು. ಅವರ ತಾಯೀನ ಮುಂದಿನ ಸೀಟಿನಾಗೆ ಕೂರಿಸಿ, ಏರಿಸಿ ಇಳಿಸಿ ನೋಡಿ ತಗೊಂಡ್ರಂತೆ."

ಪ್ಯಾರಿ ಬೀ ಹಿಂದಕ್ಕೆ ತಿರುಗಲು ನೋಡಿದಳು, ಆಗಲಿಲ್ಲ. ಮುಂದೆ ನೋಡಿಕೊಂಡೇ ಕೇಳಿದಳು.

"ಎರಡು ಗಾಡಿ ಇದ್ವೇನ್ರಿ?"