ಕಾಣದ ಕಣ್ಣಿಗೆ ಬಿಸಿಲು

ಶ್ರೀರಂಗಪಟ್ಟಣದಲ್ಲಿ ಪಾಂಡವಪುರದ ಬಸ್ಸು ಹತ್ತಿದಾಗ ಮಧ್ಯಾಹ್ನದ ಬಿಸಿಲು ಚುರುಗುಟ್ಟುತ್ತಿತ್ತು. ಹೆಂಗಸರು ಟಿಕೆಟ್ಟಿಗೆ ದುಡ್ಡು ಕೊಡಬೇಕಿಲ್ಲ. ಅಂದು ಸೀಟೂ ಇರಲಿಲ್ಲ. ಪಾಂಡವಪುರದಲ್ಲಿ ಬಸ್ಸು ಬದಲಿಸಿ ಕೆ.ಆರ್. ಪೇಟೆಗೆ, ಅಲ್ಲಿಂದ ಆಟೋದಲ್ಲಿ ಹೊಸಹೊಳಲಿಗೆ ಹೋದೆ. ದೊಡ್ಡವ್ವನ ಮಗಳು ಭಾಗ್ಯಕ್ಕನ ಕಣ್ಣು ತೆಗೆಯುವ ಆಪರೇಷನ್ ಇನ್ನೊಂದು ವಾರಕ್ಕೆ ನಾಗಮಂಗಲದಲ್ಲಿ ಆಗಬೇಕಿತ್ತು. ಅದಕ್ಕೆ ಮೊದಲು ಅವಳನ್ನು ಒಂದು ಮಾತು ಕೇಳಬೇಕಿತ್ತು.

ಭಾಗ್ಯಕ್ಕನಿಗೆ ಚಿಕ್ಕಂದಿನಿಂದಲೂ ಕಣ್ಣು ಕಾಣದು. ಎಡಗಣ್ಣು ತೆಗೆದು ಗಾಜಿನದು ಇಟ್ಟಿದ್ದಾರೆ. ಬಲಗಣ್ಣು ಉಳಿದಿದೆ, ಆದರೆ ನಿಂತಲ್ಲಿ ನಿಲ್ಲದೆ ಅಲೆಯುತ್ತದೆ. ಮದುವೆ ಗೊತ್ತಾದ ಮೇಲೆ ಗಂಡಿನ ತಾಯಿ, ಅದನ್ನೂ ತೆಗೆಸಿದರೆ ಎರಡೂ ಒಂದೇ ಥರ ಕಾಣುತ್ತವಲ್ಲ ಎಂದರಂತೆ. ಅಲ್ಲಿಯವರೆಗೆ ಮರೆಮಾಡಲು ದೊಡ್ಡವ್ವ ಪಕ್ಕಗಳೂ ಮುಚ್ಚುವಂಥ ಕಪ್ಪು ಕನ್ನಡಕ ತಂದುಕೊಟ್ಟಿದ್ದಳು.

ನಾನು ತಲುಪಿದಾಗ ಭಾಗ್ಯಕ್ಕ ಕನ್ನಡಕ ಹಾಕಿಕೊಂಡೇ ಹಾಲು ಕರೆಯಲು ಕುಳಿತು, ಹಸುವಿನ ಹೊಟ್ಟೆಗೆ ತಲೆ ಆನಿಸಿ ತೂಕಡಿಸುತ್ತಿದ್ದಳು.

“ನೋಡವ್ವ, ಆಲು ಕರಿಯೋಳು ಗೊರ್ಕೆ ಒಡೀತಾವ್ಳೆ! ರಾತ್ರಿಯೆಲ್ಲಾ ಎದ್ದು ಕುಂತಿರ್ತಾಳೆ. ಮದ್ವೆ ಯೋಚ್ನೆ,” ಎಂದಳು ದೊಡ್ಡವ್ವ.

“ಯಾವ ಯೋಚ್ನೆನೂ ಇಲ್ಲ ಕಣೇ,” ಭಾಗ್ಯಕ್ಕ ನನಗೆ ಹೇಳಿದಳು. “ನಿದ್ದೆ ದಿನಾ ಒಂಚೂರು ತಡ ಮಾಡ್ಕೊಂಡು ಬತ್ತದೆ. ಈಗ ಬೆಳಗಾದ್ಮೇಲೆ ಬತ್ತಾ ಅದೆ.”

“ಈ ಕನ್ನಡಕ ಹಾಕೋಕೆ ಮುಂಚೆ?”

“ಕೋಳಿಗಿಂತ ಮುಂಚೆ ಏಳ್ತಿದ್ದೆ.”

ನಾನು ಕೇಳಬೇಕೆಂದಿದ್ದುದು ಅದನ್ನೇ. ನಮ್ಮೊಳಗಿನ ಗಡಿಯಾರ ದಿನವೂ ಸ್ವಲ್ಪ ಜಾರುತ್ತದೆ. ಹಗಲಿನ ಬೆಳಕು ಅದನ್ನು ಮತ್ತೆ ಸರಿಯಾಗಿ ಇಡುತ್ತದೆ. ಹಗಲಾಯಿತೆಂದು ಮಿದುಳಿಗೆ ತಿಳಿಸಲು ಕಣ್ಣಿನೊಳಗೆ ಬೇರೆಯೇ ಜೀವಕೋಶಗಳಿವೆ. ನೋಟ ಹೋದರೂ ಅವು ಉಳಿದಿರಬಹುದು. ನೋಡುವ ಕೋಶಗಳಿಲ್ಲದ ಇಲಿಗಳೂ ಬೆಳಕಿಗೆ ಹೊಂದಿಕೊಳ್ಳುತ್ತವೆ, ಕಣ್ಣನ್ನೇ ತೆಗೆದರೆ ಇಲ್ಲ. ಯೂನಿವರ್ಸಿಟಿಯಲ್ಲಿ ಓದಿದ್ದನ್ನು ಹೀಗೆ ಹೇಳಿದೆ.

“ಅಲ್ಲಾ ಕಣೇ, ನನ್ನ ಇಲಿ ಮಾಡ್ಬುಟ್ಯಲ್ಲೇ!” ಎಂದು ನಕ್ಕು ಕನ್ನಡಕ ಬಿಚ್ಚಿದಳು.

ವಾರವಿಡೀ ಬೆಳಗ್ಗೆ ಅವಳು ಜಗಲಿಯ ಬಿಸಿಲಲ್ಲಿ ಕುಳಿತಳು. ಬೀದಿಯವರು ನೋಡುತ್ತಾರೆಂದು ದೊಡ್ಡವ್ವ ಗೊಣಗಿದಳು. ಮೊದಮೊದಲು ಏನೂ ಬದಲಾಗದೆ ನನಗೇ ಅನುಮಾನ ಬಂತು. ವಾರದ ಕೊನೆಯಲ್ಲಿ ಒಂದು ಬೆಳಗ್ಗೆ ಭಾಗ್ಯಕ್ಕ ಡೇರಿಗೆ ಹಾಲು ಕಳಿಸಿ ಬಂದು ನನ್ನನ್ನು ಎಬ್ಬಿಸಿದಳು. ರಾತ್ರಿ ಚೆನ್ನಾಗಿ ನಿದ್ದೆ ಬಂದಿತ್ತಂತೆ.

“ಇಷ್ಟಕ್ಕೇ ಖಾತ್ರಿ ಅಂತ ಹೇಳೋಕಾಗಲ್ಲ ಅಕ್ಕ. ಡಾಕ್ಟ್ರನ್ನೂ ಕೇಳೋಣ,” ಎಂದೆ.

“ಕೇಳು. ಆದ್ರೆ ಕಣ್ಣೊಳ್ಗೆ ಸಂಬ್ಳ ಇಲ್ದೆ ದುಡಿಯೋರ್ನ ನಾನಂತೂ ಮನೆಯಿಂದ ಓಡ್ಸಲ್ಲ.”

ಕಣ್ಣು ತೆಗೆಸುವುದಿಲ್ಲವೆಂದು ಹೇಳಲು ಗಂಡಿಗೆ ತಾನೇ ಫೋನು ಮಾಡಿದಳು. ನಾನು ಹಿತ್ತಲಿಗೆ ಹೋದೆ. ಮರಳಿ ಬಂದಾಗ ದೊಡ್ಡವ್ವ ಮುಖ ಊದಿಸಿಕೊಂಡಿದ್ದಳು. “ಅವ್ರವ್ವನ್ನ ಕೇಳಿ ಏಳ್ತಾನಂತೆ.”

“ಕೇಳ್ಲಿ ಬುಡವ್ವ,” ಎಂದಳು ಭಾಗ್ಯಕ್ಕ. ದನಿ ಮಾತ್ರ ಸಣ್ಣದಾಗಿತ್ತು.

ಮಾರನೆಯ ದಿನ ಮೂವರೂ ನಾಗಮಂಗಲಕ್ಕೆ ಹೋದೆವು. ಡಾಕ್ಟರು ಕಣ್ಣು ಪರೀಕ್ಷಿಸಿ, ನಿದ್ದೆಯ ವಿಷಯ ಕೇಳಿಸಿಕೊಂಡು, “ನೋವಿಲ್ಲ, ಕಾಯಿಲೆಯೂ ಇಲ್ಲ. ಇರಲಿ ಬಿಡಿ,” ಎಂದರು.

ನನ್ನ ಬಸ್ಸಿಗೆ ಇನ್ನೂ ಹೊತ್ತಿತ್ತು. ಕೆ.ಆರ್. ಪೇಟೆಯ ಬಸ್ಸಿಗೆ ಅವರಿಬ್ಬರನ್ನೂ ಹತ್ತಿಸಿದೆ. ಗಂಡಿನ ಕಡೆಯಿಂದ ಫೋನು ಇನ್ನೂ ಬಂದಿರಲಿಲ್ಲ. ಹತ್ತಿದವರೆಲ್ಲ ನೆರಳಿನ ಕಡೆ ಸೀಟು ಹುಡುಕುತ್ತಿದ್ದರು. ದೊಡ್ಡವ್ವ ಮಗಳ ಕೈ ಹಿಡಿದು, ಬಿಸಿಲು ಬೀಳುವ ಕಿಟಕಿಯ ಪಕ್ಕ ಕೂರಿಸಿದಳು.