ಸಂದು ಬಿಡದ ಹಲಗೆಗಳು

ದೋಹಾದ ಹಳೆಯ ಗಲ್ಲಿಯೊಂದರ ಮೇಲೆ, ಎದುರುಬದುರಿನ ಎರಡು ಮನೆಗಳ ಮಾಳಿಗೆಗಳನ್ನು ಕೂಡಿಸುವ ಮರದ ಸೇತುವೆಯಿತ್ತು. ಮೇಲೆ ಮಾಡು, ಬದಿಗಳಲ್ಲಿ ಜಾಲಂದ್ರ, ಅಡಿಯಲ್ಲಿ ಎರಡು ತೇಗದ ತೊಲೆ. ಹೆಂಗಸರು ಬೀದಿಗಿಳಿಯದೆ ಓಡಾಡಲೆಂದು ಕಟ್ಟಿಸಿದ್ದಂತೆ. ತೊಲೆಗಳು ನಮ್ಮ ಕರಾವಳಿಯಿಂದ ಹಡಗಿನಲ್ಲಿ ಬಂದವು ಎನ್ನುತ್ತಿದ್ದರು. ಅದರ ದುರಸ್ತಿಯ ಬಡಗಿ ನಾನು; ನೆಲಕ್ಕೆ ಹೊಸ ಹಲಗೆ ಹಾಸಿ ಮುಗಿಸಿದ್ದೆ.

ಬಲಗಡೆಯ ತೊಲೆ ಟೊಳ್ಳು, ತೆಗೆದು ಕಬ್ಬಿಣ ಹಾಕಬೇಕು ಎಂದು ಇಂಜಿನಿಯರ್ ಹಟ ಹಿಡಿದರು. ಅವರೂ ಮಂಗಳೂರು ಕಡೆಯ ಬ್ಯಾರಿಗಳು. ನಾನು ಸುತ್ತಿಗೆಯಲ್ಲಿ ತಟ್ಟಿ, ಕಿವಿಗೊಟ್ಟು, ಗಟ್ಟಿ ಇದೆ ಎಂದೆ.

"ನಿಮ್ಮ ಕಿವಿ ನಂಬಿ ನಾನು ಸೈನ್ ಹಾಕ್ಲಿಕ್ಕೆ ಆಗ್ತದಾ ಮಾರಾಯ್ರೆ?"

"ಭಾರ ಹೇರಿ ನೋಡಿ. ಸದ್ದು ಬಂದ್ರೆ ನಾನೇ ತೆಗೀತೇನೆ."

ನಾನು ಹಿಡಿದ ಮೊಲಕ್ಕೆ ಯಾವತ್ತೂ ಮೂರೇ ಕಾಲು.

ಆಗಸ್ಟಿನ ಒಂದು ಬೆಳಿಗ್ಗೆ ಮರಳಿನ ಚೀಲಗಳನ್ನು ಒಂದೊಂದಾಗಿ ಸೇತುವೆಯ ಮೇಲೆ ಇಟ್ಟರು. ನಾನು ಕೆಳಗೆ ಏಣಿಯ ಮೇಲೆ ನಿಂತು ತೊಲೆಗೆ ಕಿವಿ ಹಚ್ಚಿದ್ದೆ. ಅರ್ಧ ಭಾರ ಏರಿದರೂ ತೊಲೆ ಮಿಸುಕಲಿಲ್ಲ. ಆಮೇಲೆ ಟಕ್ ಎಂದಿತು.

ಬೇರೆ ಯಾರಿಗೂ ಕೇಳಿಸಿರಲಿಲ್ಲ. "ಯಲ್ಲಾ, ಬೇಗ ಬೇಗ, ಇನ್ನೂ ನಾಲ್ಕು ಇಡಿ" ಎನ್ನುತ್ತಿದ್ದರು ಇಂಜಿನಿಯರ್. ಸುಮ್ಮನಿದ್ದರೆ ತೊಲೆ ಉಳಿಯುತ್ತಿತ್ತು. ಆದರೆ ನಾಳೆ ಅದರ ಮೇಲೆ ಮಕ್ಕಳುಮರಿ ನಡೆಯುತ್ತಾರೆ. ಮತ್ತೊಮ್ಮೆ ಟಕ್.

"ಖಲಾಸ್, ನಿಲ್ಸಿ" ಎಂದೆ.

ಕೆಳಗಿನಿಂದ ಕಂಬಗಳ ಆಸರೆ ಕೊಟ್ಟೆವು. ಗಲ್ಲಿ ಕಿರಿದು, ತೊಲೆಯನ್ನು ಎರಡು ತುಂಡು ಮಾಡದೆ ಇಳಿಸುವಂತಿರಲಿಲ್ಲ. ಇನ್ನೊಮ್ಮೆ ಪರೀಕ್ಷಿಸೋಣ ಎನ್ನಲು ನನಗೆ ಬಾಯಿ ಬರಲಿಲ್ಲ. ಮಾತು ಕೊಟ್ಟವನು ನಾನೇ, ಗರಗಸ ಹಿಡಿದವನೂ ನಾನೇ. ಕೊಯ್ದ ಮುಖ ನೋಡಿದೆ. ಒಂದು ಹುಳುವಿನ ತೂತಿಲ್ಲ, ಇಂದು ಕಡಿದ ಮರದ ಹಾಗೆ ಎಣ್ಣೆಯ ವಾಸನೆ.

ಮೇಲೆ ಓಡಿದೆ. ನಾನು ಹೊಸದಾಗಿ ಹಾಸಿದ್ದ ಹಲಗೆಯ ಮೇಲೆ ಕಾಲಿಟ್ಟೆ. ಟಕ್.

ಊರಲ್ಲಿ ಮಳೆಗಾಲಕ್ಕೆ ಮರ ಉಬ್ಬುತ್ತದೆಂದು ಹಲಗೆಗಳ ನಡುವೆ ಸಂದು ಬಿಡುತ್ತೇವೆ. ಇಲ್ಲಿ ಮಳೆಯೇ ಇಲ್ಲವಲ್ಲ ಎಂದು ನಾನು ಬ್ಲೇಡು ತೂರದ ಹಾಗೆ ಬಿಗಿದಿದ್ದೆ, ಜಂಬದಿಂದ. ಆಗಸ್ಟಿನ ಕಡಲ ಗಾಳಿಯ ತೇವಕ್ಕೆ ಅವು ಉಬ್ಬಿ ಒಂದಕ್ಕೊಂದು ಒತ್ತಿ ಸದ್ದು ಮಾಡಿದ್ದವು. ನನಗೆ ಅಳು ಬಂತು, ಅತ್ತುಬಿಟ್ಟೆ.

ಇಂಜಿನಿಯರಿಗೆ ಎಲ್ಲ ಹೇಳಿದೆ. ಅವರು ವರದಿಯ ಹಾಳೆ ತೆಗೆದರು.

"ಹೋಗ್ಲಿ ಬಿಡಿ. ತೊಲೆ ಹಾಳಾಗಿತ್ತು ಅಂತ ಬರೀತೇನೆ. ಯಾರಿಗೆ ಗೊತ್ತಾಗ್ತದೆ?"

"ಬೇಡ. ತೊಲೆ ಸರಿ ಇತ್ತು, ಬಡಗಿ ತಪ್ಪಿದ ಅಂತ ಬರೀರಿ."

ಅವರು ಹಾಗೆಯೇ ಬರೆದರು.