ಕೊಬ್ಬರಿ ಅಟ್ಟದ ಕೆಳಗೆ ಸುರಿದ ಕಾಫಿ

ನನ್ನ ಗಂಡನ ಅಣ್ಣನಿಗೆ, ಅಂದರೆ ನಮ್ಮ ಭಾವನಿಗೆ, ‘ಬೇರೆ’ ಅನ್ನುವ ಮಾತು ಕಿವಿಗೆ ಬಿದ್ದರೆ ಸಾಕು, ಮೈಯೆಲ್ಲ ಉರಿಯುತ್ತದೆ. ಹೊಸದುರ್ಗದ ಹತ್ತಿರ ನಮ್ಮ ತೋಟದಲ್ಲಿ ತೆಂಗಿನ ನೆರಳಿಗೆ ಕಾಫಿ ಹಾಕಿದ್ದು ಎಲ್ಲರೂ ಸೇರಿಯೇ, ನಿಜ. ಆದರೆ ಬಾವಿ ಕಡೆಯ ತುಂಡು ನನ್ನ ಕೈಯಲ್ಲಿ ಬೆಳೆದದ್ದು. ನೀರು ಬಿಟ್ಟವಳು, ಚಿಗುರು ಚಿವುಟಿದವಳು, ಕೆಂಪಾದ ಹಣ್ಣನ್ನಷ್ಟೇ ನೋಡಿ ನೋಡಿ ಬಿಡಿಸಿದವಳು ನಾನು. ಭಾವನೋ, ಹಸಿರು ಕೆಂಪು ಎನ್ನದೆ ಕೊಂಬೆ ಸವರಿ ಕಿತ್ತುಬಿಡುತ್ತಿದ್ದ.

ಕಾಫಿ ಹುರಿದು ಮಾರುವ ಕಂಪನಿಯಿಂದ ಒಬ್ಬ ಹುಡುಗಿ ತೋಟ ನೋಡಲು ಬಂದಳು. ನನ್ನ ತುಂಡಿನ ಹಣ್ಣೊಂದನ್ನು ಬಾಯಿಗೆ ಹಾಕಿ ಚೀಪಿದಳು. “ಅಕ್ಕ, ಇದನ್ನ ಬೇರೆಯೇ ಒಣಗಿಸಿ, ಬೇರೆಯೇ ಇಡಿ. ಕಾಫಿ ಬೀಜ ಪಕ್ಕದಲ್ಲಿರೋ ವಾಸನೆಯನ್ನೆಲ್ಲ ಎಳ್ಕೊಳ್ಳುತ್ತೆ. ಚೆನ್ನಾಗಿ ಬಂದ್ರೆ ಪ್ಯಾಕೆಟ್ ಮೇಲೆ ಕೋಡ್ ಹಾಕ್ತೀವಿ. ಫೋನ್ ಹಿಡಿದ್ರೆ ಯಾವ ತೋಟ, ಯಾರು ಬೆಳೆದಿದ್ದು, ಎಲ್ಲ ಕಾಣುತ್ತೆ. ನಿಮ್ಮ ಹೆಸರೇ ಬರುತ್ತೆ” ಅಂದಳು. ಮದುವೆಯಾಗಿ ಬಂದ ಮೇಲೆ ನನ್ನ ಹೆಸರು ರೇಷನ್ ಕಾರ್ಡು ಬಿಟ್ಟು ಎಲ್ಲೂ ಇರಲಿಲ್ಲ. ಆಸೆಯಾಯಿತು, ಸುಳ್ಳೇಕೆ ಹೇಳಲಿ.

ಭಾವ ಅವಳೆದುರು ಹಲ್ಲು ಕಿರಿದ. ಅವಳ ಕಾರು ತಿರುಗಿದ್ದೇ ತಡ, ನನ್ನ ಗಂಡನ ಮೇಲೆ ಎಗರಿದ. “ಅಪ್ಪನ ಕಾಲದಿಂದ ಈ ಮನೇಲಿ ಒಂದೇ ರಾಶಿ ಐತೆ, ರಾಗಿ ಆಗ್ಲಿ, ಕೊಬ್ಬರಿ ಆಗ್ಲಿ. ಈಗ ಇವಳದೊಂದು ಬೇರೆ ರಾಶಿ ಅಂದ್ರೆ ಊರವರು ಮನೆ ಪಾಲಾತು ಅಂತಾರೆ ಕಣಲೇ.” ನಾನು ಅಲ್ಲೇ ನಿಂತಿದ್ದೆ. ನನ್ನ ಕಡೆ ಕಣ್ಣೆತ್ತಿಯೂ ನೋಡಲಿಲ್ಲ.

ನಾನೂ ಸೊಪ್ಪು ಹಾಕಲಿಲ್ಲ. ಹಣ್ಣನ್ನು ಮಾಳಿಗೆಯ ಮೇಲೆ ಒಣಗಿಸಿ, ಒಗೆದ ಚೀಲಕ್ಕೆ ತುಂಬಿ, ಮಲಗುವ ಕೋಣೆಯಲ್ಲೇ ಇಟ್ಟುಕೊಂಡೆ. ಹೊಳಲ್ಕೆರೆಯಲ್ಲಿ ಒಂದು ಮದುವೆಗೆ ಹೋಗಿ ಬರುವಷ್ಟರಲ್ಲಿ ಕೋಣೆ ಖಾಲಿ. ನನ್ನ ಕಾಫಿಯನ್ನೆಲ್ಲ ಕೊಬ್ಬರಿ ಅಟ್ಟದ ಕೆಳಗೆ ಭಾವ ಕಿತ್ತ ಕಾಫಿಯ ರಾಶಿಗೆ ಸುರಿದು ಬೆರೆಸಿದ್ದರು. ಅಟ್ಟದ ಮೇಲೆ ತೆಂಗಿನಕಾಯಿ ತಿಂಗಳುಗಟ್ಟಲೆ ಒಣಗಿ ಕೊಬ್ಬರಿಯಾಗುತ್ತದೆ. ನಡುವೆ ಕೊಳೆತ ಕಾಯಿಗಳ ಜಿಡ್ಡು ನಾತ ಆ ಕೋಣೆಯ ಗೋಡೆಗೂ ಹಿಡಿದಿದೆ. ಹುಡುಗಿ ವಾಸನೆಯ ಮಾತು ಹೇಳುವಾಗ ಅಣ್ಣತಮ್ಮ ಇಬ್ಬರೂ ಪಕ್ಕದಲ್ಲೇ ಇದ್ದರು.

“ಯಾರು ಹೊತ್ತು ಹಾಕಿದ್ದು?” ಎಂದು ಕೇಳಿದೆ.

“ಅಣ್ಣ ಅಂದ, ಹಾಕ್ದೆ. ನಾನೇನ್ ಮಾಡ್ಲಿ?” ಎಂದ ನನ್ನ ಗಂಡ. ಆ ಮುಖಕ್ಕೆ ಉಗಿಯಬೇಕೆನಿಸಿತು.

ಬೆರೆತದ್ದನ್ನು ಬೇರ್ಪಡಿಸುವುದು ಯಾರಿಂದಲೂ ಆಗುತ್ತಿರಲಿಲ್ಲ. ಕಾಫಿ ನೋಡಲು ಮತ್ತೆ ಬಂದ ಹುಡುಗಿ ಒಂದು ಹಿಡಿ ಎತ್ತಿ ಮೂಸಿ ಮುಖ ಸಿಂಡರಿಸಿದಳು. “ಇದು ಯಾರದು?” ಎಂದು ಕೇಳಿದಳು.

“ಇವಳದೇ ಕಣಮ್ಮ. ಬೇರೆ ಬೇಕು ಅಂತ ಕುಣಿದಿದ್ದಳಲ್ಲ” ಎಂದ ಭಾವ. ಎಂಥ ಮನುಷ್ಯ. ಚೆನ್ನಾಗಿದ್ದಾಗ ಮನೆಯದಾಗಿದ್ದ ಕಾಫಿ ಕೆಟ್ಟ ಮೇಲೆ ನನ್ನದಾಯಿತು.

“ಅಲ್ಲ, ನನ್ನದನ್ನ ಇದಕ್ಕೆ ಬೆರೆಸಿದ್ದಾರೆ” ಅಂದೆ. ಹುಡುಗಿ ನನ್ನ ಗಂಡನ ಮುಖ ನೋಡಿದಳು. ಅವನು ಅಣ್ಣನ ಮುಖ ನೋಡಿದ. “ಹೂಂ, ಇವಳದೇ” ಅಂದ.

ಈ ವರ್ಷ ನನ್ನ ತುಂಡಿನ ಒಂದು ಹಣ್ಣೂ ಮನೆಯ ಹೊಸ್ತಿಲು ದಾಟಿ ಒಳಗೆ ಬಂದಿಲ್ಲ. ತೋಟದಲ್ಲೇ, ಮೋಟಾರ್ ಮನೆಯ ಮಾಳಿಗೆಯ ಮೇಲೆ ಒಣಗುತ್ತಿದೆ. ಒಣಗಿದ್ದನ್ನು ಅದರೊಳಗೇ ಇಡುತ್ತೇನೆ, ಬೀಗದ ಕೈ ನನ್ನ ಸೊಂಟದಲ್ಲಿದೆ. ಮೊನ್ನೆ ಬೆಳಿಗ್ಗೆ ನನ್ನ ಗಂಡ ಒಲೆಯ ಹತ್ತಿರ ಬಂದು, ಏನೂ ಆಗದವನ ಹಾಗೆ, ಕಾಫಿ ಕೇಳಿದ. ಖಾಲಿ ಲೋಟ ಕುಕ್ಕಿ ಅವನ ಮುಂದಿಟ್ಟೆ.

“ನಿಮ್ಮಣ್ಣಂದು ಐತಲ್ಲ, ಅದನ್ನೇ ಕಾಸ್ಕಂಡು ಕುಡೀರಿ.”